ಎದೆಯ ಮೇಲೆ ಕೈ ಇಡಿ

ಎದೆಯ ಮೇಲೆ ಕೈ ಇಟ್ಟುಕೊಂಡರೆ ಮನಸ್ಸಿಗೆ ಶಾಂತಿ ಸಿಗುತ್ತದೆ ಎಂದು ಕಂಡುಹಿಡಿದ ಪುಣ್ಯಾತ್ಮರು ಯಾರೋ, ಅವರ ವಂಶದಲ್ಲಿ ಯಾರಿಗೂ ಸ್ತನ ಕ್ಯಾನ್ಸರ್ ಬಂದಿರಲಾರದು. ನಮ್ಮ ವಂಶದಲ್ಲಿ ಬಂದಿದೆ. ಅಜ್ಜಿಯ ತಂಗಿ ಹೋದರು, ಆಮೇಲೆ ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ ಹೋದರು. ಹೋದ ವರ್ಷ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿದಾಗ ಅದೇ ಜೀನಿನ ದೋಷ ನನ್ನಲ್ಲೂ ಇದೆ ಎಂದು ಗೊತ್ತಾಯಿತು. ಕಾಯಿಲೆ ಬಂದಿದೆ ಎಂದಲ್ಲ, ಬರುವ ಸಂಭವ ಉಳಿದವರಿಗಿಂತ ತುಂಬಾ ಜಾಸ್ತಿ ಎಂದು. ಡಾಕ್ಟರು ಹೇಳಿದ್ದು ಸರಳ: ಪ್ರತಿ ವರ್ಷ ಎಂಆರ್‌ಐ ಸ್ಕ್ಯಾನ್ ಮಾಡಿಸಿ, ಏನಾದರೂ ಇದ್ದರೆ ಮೊದಲೇ ಸಿಗುತ್ತದೆ, ಮೊದಲೇ ಸಿಕ್ಕರೆ ಜೀವ ಉಳಿಯುತ್ತದೆ. ನಾನು ಮೊದಲನೇ ಸ್ಕ್ಯಾನಿಗೇ ಎರಡು ಸಲ ಕೈಕೊಟ್ಟಿದ್ದೆ. ಒಂದು ಸಲ ಜ್ವರ ಎಂದು ಸುಳ್ಳು ಹೇಳಿದೆ. ಇನ್ನೊಂದು ಸಲ ಆಸ್ಪತ್ರೆಯ ಗೇಟಿನವರೆಗೆ ಹೋಗಿ ಅದೇ ಆಟೋದಲ್ಲಿ ಚಾಮರಾಜಪೇಟೆಗೆ ವಾಪಸ್ ಬಂದೆ.

ಅಪ್ಪ ವೃಷಭೇಂದ್ರಪ್ಪನವರಿಗೆ ಪೇಟೆಯಲ್ಲಿ ಬೆಲ್ಲದ ಮಂಡಿ. ನನ್ನ ಮೂಗು, ನನ್ನ ದಟ್ಟ ಕೂದಲು, ಗಣಿತದಲ್ಲಿ ನನ್ನ ಮಾರ್ಕ್ಸು, ಎಲ್ಲವೂ "ನಮ್ಮ ಕಡೆಯಿಂದ ಬಂದದ್ದು" ಎಂದು ಮದುವೆಮನೆಗಳಲ್ಲಿ ಡಂಗುರ ಸಾರುತ್ತಿದ್ದ ಮನುಷ್ಯ. ಜೀನಿನ ರಿಪೋರ್ಟು ಬಂದ ದಿನ ಅದೇ ಮನುಷ್ಯ ಅಮ್ಮನ ಕಡೆ ತಿರುಗಿ, "ನಿಮ್ಮ ಕಡೆ ಯಾರಿಗಾದ್ರೂ ಇತ್ತೇನೇ?" ಎಂದರು. ಸತ್ತವರಿಬ್ಬರೂ ಅವರ ಕಡೆಯವರೇ! ಅಮ್ಮ ಅವತ್ತಿನ ಸಾರಿಗೆ ಉಪ್ಪೇ ಹಾಕಲಿಲ್ಲ. ಅಪ್ಪ ತುಟಿಪಿಟಕ್ಕೆನ್ನದೆ ಉಂಡರು.

ಚಿಕ್ಕಮ್ಮನಿಗೆ ದೋಷ ಎಂಬ ಒಂದೇ ಮಾತು ಸಾಕಾಯಿತು. "ಕುಜದೋಷ ಇದ್ರೆ ಬಾಳೆಗಿಡಕ್ಕೆ ತಾಳಿ ಕಟ್ಟಿಸಲ್ವಾ? ಇದಕ್ಕೂ ಏನಾದ್ರೂ ಗಿಡ ಇರತ್ತೆ, ವಿಚಾರಿಸ್ತೀನಿ ಇರಿ" ಎಂದು ಹೊರಟರು. ಇನ್ನೂ ವಿಚಾರಿಸುತ್ತಿದ್ದಾರೆ.

ನನ್ನ ಭಯ ಹೋಗಲಾಡಿಸಲಿ ಎಂದು ಆಸ್ಪತ್ರೆಯವರೇ ಒಂದು ಶಿಬಿರಕ್ಕೆ ಕಳಿಸಿದರು. ಹೆಸರು ಸ್ವ-ಕರುಣೆ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಸೀರೆ ಅಂಗಡಿಯ ಮೇಲಿನ ಮಹಡಿ. ಬರುವವರೆಲ್ಲ ನನ್ನ ಹಾಗೆ ವಂಶದಿಂದ ಈ ಬಳುವಳಿ ಪಡೆದ ಹುಡುಗಿಯರು. ಅಪ್ಪ ಬೀದಿಯವರಿಗೆಲ್ಲ ಯೋಗ ಕ್ಲಾಸು ಎಂದಿದ್ದರು. ಕಲಿಸುವ ಯಶಶ್ರೀ ಮೇಡಂ ಮಾತಾಡಿದರೆ ಜೋಲಿಯಲ್ಲಿ ಮಗುವನ್ನು ತೂಗಿದ ಹಾಗೆ ಇರುತ್ತಿತ್ತು.

"ಕಣ್ಮುಚ್ಚಿ. ಎದೆಯ ಮೇಲೆ ಕೈ ಇಡಿ. ಆ ಬೆಚ್ಚಗಿನ ಸ್ಪರ್ಶವನ್ನು ಗಮನಿಸಿ."

ಇಟ್ಟೆವು. ಸ್ವಲ್ಪ ಹೊತ್ತಿಗೆ ನಾನು ಕದ್ದು ಕಣ್ಣು ಬಿಟ್ಟು ನೋಡಿದರೆ, ಕೋಣೆಯಲ್ಲಿದ್ದ ಅಷ್ಟೂ ಹುಡುಗಿಯರ ಬೆರಳುಗಳು ಮೆಲ್ಲಗೆ ಸುತ್ತು ಹಾಕುತ್ತಿವೆ. ಅಯ್ಯೋ ಶಿವನೇ, ಎಲ್ಲರೂ ಗಂಟು ಹುಡುಕುತ್ತಿದ್ದಾರೆ! ನನ್ನ ಬೆರಳೂ ಅದೇ ಕೆಲಸದಲ್ಲಿತ್ತು.

"ಎಷ್ಟು ಮೃದುವಾಗಿ ಸವರ್ಕೊಳ್ತಿದೀರಿ! ಬ್ಯೂಟಿಫುಲ್," ಎಂದರು ಮೇಡಂ.

ಪಕ್ಕದಲ್ಲಿ ಕೂತಿದ್ದ ಬಸವನಗುಡಿಯ ವಾಣಿ ಒಂದು ಕಣ್ಣು ತೆರೆದು ಪಿಸುಗುಟ್ಟಿದಳು. "ಸಿಕ್ತಾ?"

"ಇಲ್ಲ. ನಿಂಗೆ?"

"ಗುಂಡಿ ಸಿಕ್ತು, ಕುರ್ತಾದ್ದು."

ಇಬ್ಬರೂ ಬಾಯಿಗೆ ದುಪಟ್ಟಾ ತುರುಕಿಕೊಂಡು ನಕ್ಕೆವು. ಅಷ್ಟು ದಿನಗಳಲ್ಲಿ ನನಗೆ ಹಗುರವೆನಿಸಿದ್ದು ಅದೊಂದೇ ಗಳಿಗೆ. ಮೇಡಂ ಅದನ್ನೂ ತಮ್ಮ ತಂತ್ರದ ಫಲವೆಂದೇ ಎಣಿಸಿದರು.

ಹೋಂವರ್ಕನ್ನೂ ಕೊಟ್ಟರು. ಕನ್ನಡಿ ಮುಂದೆ ನಿಂತು, ಪ್ರೀತಿಪಾತ್ರರೊಡನೆ ಮಾತಾಡುವಂತೆ ನಮ್ಮೊಡನೆ ನಾವೇ ಮಾತಾಡಬೇಕಂತೆ. "ನನ್ನ ಪ್ರಿಯ ಜೀವವೇ, ನಾನು ನಿನ್ನೊಂದಿಗಿದ್ದೇನೆ" ಎಂದು ನಾನೂ ಹೇಳಿ ನೋಡಿದೆ. ಮೆಟ್ರೋ ಸ್ಟೇಷನ್ನಿನ ಪ್ರಕಟಣೆ ಕೇಳಿದ ಹಾಗಾಯಿತು. ನಮ್ಮ ಮನೆಯಲ್ಲಿ ಯಾರಾದರೂ ಹಾಗೆ ಮಾತಾಡಿದರೆ ಹಣೆ ಮುಟ್ಟಿ ನೋಡುತ್ತಾರೆ. ನಮ್ಮಲ್ಲಿ ಪ್ರೀತಿ ಎಂದರೆ ಅಜ್ಜಿ ಕಲ್ಯಾಣಮ್ಮನ ಬೈಗುಳ. "ಲೇ ಕತ್ತೆ, ತಟ್ಟೆ ಮುಂದೆ ಕೂತ್ಕೊಂಡು ಯಾರಿಗೆ ಕಾಯ್ತಿದೀಯ, ತಿನ್ನೇ" ಎಂದರೆ ಅದರಲ್ಲಿ ಎಲ್ಲ ಬಂತು.

ಮೂರನೇ ಸಲ ಸ್ಕ್ಯಾನಿಗೆ ಹೆಸರು ಬರೆಸಿದಾಗ ಅಜ್ಜಿ ಸೆರಗು ಬಿಗಿದು ನಿಂತರು. "ಈ ಸಲ ನಾನೇ ಬರ್ತೀನಿ. ಗೇಟಿಂದ ಅದು ಹೇಗೆ ತಿರುಗ್ತೀಯೋ ನೋಡ್ತೀನಿ."

ಗೇಟು ದಾಟಿದೆವು. ಕಾರಿಡಾರಿನಲ್ಲಿ ಕೂತೆವು. ಗೌನು ಕೊಟ್ಟ ನರ್ಸ್ ನನ್ನ ಕತ್ತಿನ ಕಡೆ ನೋಡಿ, "ಮೈಮೇಲೆ ಲೋಹದ್ದು ಏನೂ ಇರಬಾರದಮ್ಮ, ಆ ಬೆಳ್ಳೀದು ತೆಗೆದುಬಿಡಿ" ಎಂದರು.

ಅದು ಕರಡಿಗೆ. ಒಳಗೆ ಇಷ್ಟಲಿಂಗ. ಕಟ್ಟಿಕೊಂಡ ಮೇಲೆ ಉಸಿರು ಇರುವವರೆಗೂ ಮೈ ಬಿಟ್ಟು ಹೋಗಬಾರದು ಎಂಬುದು ಅಜ್ಜಿಯ ಕಟ್ಟಪ್ಪಣೆ. ನನಗೋ, ಕುಂಟುವವನಿಗೆ ಕೋಲು ಸಿಕ್ಕಿದ ಹಾಗಾಯಿತು.

"ಅಜ್ಜೀ, ಲಿಂಗ ತೆಗೀಬಾರದಲ್ವಾ? ಪಾಪ ಬರತ್ತೆ. ಬಾ, ಮನೆಗೆ ಹೋಗೋಣ."

ಪೂಜೆಗೆ ಕೂರಿಸಲು ದಿನಾ ನನ್ನ ಹಿಂದೆ ಓಡುವ ಅಜ್ಜಿ ನನ್ನನ್ನೇ ದಿಟ್ಟಿಸಿದರು. "ಭಕ್ತಿ ಈಗ ಉಕ್ಕಿ ಬಂತಾ ನಿಂಗೆ?"

ನನ್ನ ಕತ್ತಿಗೆ ಕೈ ಹಾಕಿ ಶಿವದಾರ ಎತ್ತಿದರು. ಕಣ್ಣಿಗೊತ್ತಿಕೊಂಡು ತಮ್ಮ ಕೊರಳಿಗೇ ಹಾಕಿಕೊಂಡರು. ಅವರ ಎದೆಯ ಮೇಲೆ ಈಗ ಎರಡು ಕರಡಿಗೆ.

"ಮೈ ಬಿಟ್ಟು ಎಲ್ಲಿ ಹೋಯ್ತು? ನಿನ್ನ ಮೈ ನನ್ನ ಮೈಯಿಂದ ಬಂದದ್ದೇ ಅಲ್ವೇನೇ..."

ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟರು. ಎರಡೂ ಕರಡಿಗೆಗಳ ಮೇಲೆ ಕೈ ಇಟ್ಟುಕೊಂಡು ಬೆಂಚಿನ ಮೇಲೆ ಕುಸಿದರು.

"ಈ ಹಾಳಾದ್ದೂ ನನ್ನಿಂದ್ಲೇ ಬಂತಲ್ಲೇ ರಂಜೀ. ತಂಗಿ ಹೋದ್ಲು. ಹೊಟ್ಟೇಲಿ ಹುಟ್ಟಿದ ಮಗಳು ಹೋದ್ಲು. ನಾನು ಮಾತ್ರ ಗುಂಡುಕಲ್ಲಿನ ಹಾಗೆ ಕೂತಿದೀನಿ. ಆ ಶಿವ ನನ್ನ ಕರ್ಕೊಂಡು ಅವರನ್ನ ಬಿಡಬಾರ್ದಿತ್ತಾ?"

ಅಜ್ಜಿ ಅತ್ತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅತ್ತೆ ಹೋದ ದಿನವೂ ಅವರು ಅಡುಗೆಯವರನ್ನು ಬೈಯುತ್ತಿದ್ದರು. ಪ್ರಿಯ ಜೀವವೇ ಎಂಬ ಮಾತು ಬಾಯಿಗೆ ಬರಲಿಲ್ಲ.

"ಲೇ ಮುದುಕಿ!" ಎಂದೆ. ಕಾರಿಡಾರಿನವರೆಲ್ಲ ತಿರುಗಿ ನೋಡಿದರು. "ನೀನೇನು ಬೇಕೂಂತ ಕೊಟ್ಯಾ? ನಿಂಗೆ ಯಾರೋ ಕೊಟ್ರು, ನೀನು ಅಪ್ಪಂಗೆ ಕೊಟ್ಟೆ, ಅಪ್ಪ ನಂಗೆ ಕೊಟ್ರು. ಯಾರಿಗಾದ್ರೂ ಗೊತ್ತಿತ್ತಾ? ಯಾರ ತಪ್ಪೂ ಇಲ್ಲ. ಭಯ ಆಗ್ತಿದೆ, ಅಷ್ಟೇ. ಆದ್ರೆ ಆಗ್ಲಿ. ಸುಮ್ನೆ ಕೂತ್ಕೋ, ನಾನು ಇಲ್ಲೇ ಇದೀನಿ."

ಹೇಳಿ ಮುಗಿಸಿದ ಮೇಲೆ ನನಗೂ ಅಳು ಬಂತು. ಈ ಮಾತನ್ನು ಯಾರಾದರೂ ನನಗೆ ಹೇಳಲಿ ಎಂದು ಒಂದು ವರ್ಷದಿಂದ ಕಾದಿದ್ದೆ.

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು. "ಮುದುಕಿ ಅಂತೀಯಾ? ಮನೆಗೆ ಬಾ, ಮಾಡ್ತೀನಿ ನಿಂಗೆ."

"ಶಿವರಂಜಿನಿ ಯಾರು?" ಒಳಗಿಂದ ಕರೆದರು.

"ನಾನೇ" ಎಂದು ಎದ್ದು ಹೋದೆ.

ಕವುಚಿ ಮಲಗಿಸಿ, ಎರಡೂ ಕೈ ತಲೆಯ ಮುಂದಕ್ಕೆ ಚಾಚಿಸಿದರು. ಎದೆಯ ಮೇಲೆ ಕೈ ಇಡುವ ಹಾಗೇ ಇಲ್ಲ, ಹುಡುಕುವ ಹಾಗೂ ಇಲ್ಲ. ಯಂತ್ರ ತಗಡಿನ ಬಾಗಿಲು ಬಡಿದ ಹಾಗೆ ಬಡಿಯತೊಡಗಿತು. ಎದ್ದು ಓಡಬೇಕೆನಿಸಿತು.

"ಲೇ ಕತ್ತೆ," ಎಂದೆ ಮೆಲ್ಲಗೆ. "ಭಯ ಆದ್ರೆ ಆಗ್ಲಿ. ಅಲುಗಾಡ್ಬೇಡ. ನಾನು ಇಲ್ಲೇ ಇದೀನಿ."

ಅಲುಗಾಡಲಿಲ್ಲ.