ಹೂಂಗುಟ್ಟುವ ಯಂತ್ರ

ಯಂತ್ರ ಚೆನ್ನಾಗಿಯೇ ಹೂಂಗುಟ್ಟುತ್ತಿತ್ತು. ಮೊಂಡಿಗೆ ತಡೆಯಲಾಗದಿದ್ದದ್ದು ಅದೇ.

ಹಟ ಹಿಡಿದರೆ ಬಿಡದ ಹುಡುಗಿಗೆ ದೊಡ್ಡಮ್ಮ ಇಟ್ಟ ಹೆಸರು ‘ಮೊಂಡಿ’. ಹದಿನೇಳು ತುಂಬುತ್ತಲೇ ಅವಳು ಭೂಮಿಯಿಂದ ಬಹು ದೂರದ ಈ ನಿಲ್ದಾಣಕ್ಕೆ ಕೆಲಸ ಕಲಿಯಲು ಬಂದಿದ್ದಳು. ದಾರಿ ತಪ್ಪಿದ ಬಂಡೆಗಳು ಭೂಮಿಯತ್ತ ಬರುತ್ತವೆಯೇ ಎಂದು ಕಾವಲು ಕಾಯುವುದು ಇಲ್ಲಿನ ಕೆಲಸ. ಕಲಿಸಬೇಕಾದ ಹಿರಿಯ ಕಾಯಿಲೆ ಬಿದ್ದು, ಅವಳನ್ನು ತಂದ ನೌಕೆಯಲ್ಲೇ ವಾಪಸಾದ. ಬದಲಿ ಆಳು ಬರುವುದು ಮುಂದಿನ ವರ್ಷ. ಅಲ್ಲಿಯವರೆಗೆ ಗೊರಗುಟ್ಟುವ ಫ್ಯಾನು, ಒಂದು ಮಂಚ, ಅಂಗೈಯಗಲದ ಕಿಟಕಿ. ಜೊತೆಗೆ ದೊಡ್ಡಮ್ಮನ ದನಿ.

ಅವಳನ್ನು ಸಾಕಿದ ದೊಡ್ಡಮ್ಮ ಬಟ್ಟೆ ಹೊಲಿಯುವವಳು. ಹೊಲಿಯುವಾಗ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ, ಮಾತೆಲ್ಲ ‘ಹೂಂ’, ‘ಊಂಹೂಂ’ಗಳಲ್ಲೇ ಮುಗಿಯುತ್ತಿತ್ತು. ಇಲ್ಲಿಂದ ಆಡಿದ ಮಾತಿಗೆ ಅವಳ ಹೂಂ ಬರಲು ಅರ್ಧ ಗಂಟೆ ಬೇಕು. ಆ ಮೌನ ಮೊಂಡಿಗೆ ಒಗ್ಗಿಹೋಗಿತ್ತು. ಅದರ ಆಚೆ ತುದಿಯಲ್ಲಿ ಒಬ್ಬಳು ಕೂತು ಹೊಲಿಯುತ್ತಿದ್ದಾಳೆಂದು ಗೊತ್ತಿದ್ದರೆ ಸಾಕಿತ್ತು.

ಬೆಳಿಗ್ಗೆ ಭೂಮಿಯಿಂದ ಮೇಲಧಿಕಾರಿಯ ದನಿ ಬಂದಿತ್ತು. “ಮನೆಯವರ ಜೊತೆ ಮಾತು ಇನ್ನು ಬಂದ್, ತಂಗಿ. ಒಂದು ಹೂಂಗೆ ಅರ್ಧ ಗಂಟೆ ಅಂದ್ರೆ ಅದು ಮಾತಲ್ಲ, ಬರೀ ಕಾಯೋದು. ಕರೆಂಟು ದಂಡ. ನಿಲ್ದಾಣದ ಯಂತ್ರಕ್ಕೆ ನಿಮ್ಮ ದೊಡ್ಡಮ್ಮನ ದನೀನೇ ಕಲಿಸಿದ್ದೀವಿ. ಕೇಳಿದ ತಕ್ಷಣ ಉತ್ತರ ಕೊಡುತ್ತೆ.”

ಯಂತ್ರದ ದನಿ ದೊಡ್ಡಮ್ಮನದೇ, ಅದೇ ಒರಟು. ಒಂದು ಗಳಿಗೆ ಮೊಂಡಿ ಅದರ ಹತ್ತಿರಕ್ಕೆ ಸರಿದು ಕೂತದ್ದೂ ನಿಜ. ಆಮೇಲೆ ಬೇಕೆಂದೇ ಒಂದು ಸುಳ್ಳು ಬಿಟ್ಟಳು.

“ದೊಡ್ಡಮ್ಮಾ, ಬೈಬೇಡ. ನಿನ್ನ ಬಟ್ಟೆ ಕತ್ತರೀಲಿ ನಾನು ರಟ್ಟು ಕತ್ತರಿಸಿದ್ದೆ.”

“ಹೂಂ, ಪರವಾಗಿಲ್ಲ ಮಗಳೇ,” ಎಂದಿತು ಯಂತ್ರ.

ಪರವಾಗಿಲ್ಲವಂತೆ! ಆ ಕತ್ತರಿ ಎರವಲು ಕೇಳಿದ ಪಕ್ಕದ ಅಂಗಡಿಯವನು ದೊಡ್ಡಮ್ಮನ ಬಾಯಿಗೆ ಸಿಕ್ಕು, ಬಂದ ದಾರಿಗೆ ಸುಂಕವಿಲ್ಲದೆ ಹೋಗಿದ್ದ. ಮೊಂಡಿ ಯಂತ್ರದ ತಂತಿ ಕಿತ್ತೆಸೆದು ಮೈಕು ಹಿಡಿದಳು.

“ಸಾರ್, ಕಾಯೋದೇ ತಾನೆ ನನ್ನ ಕೆಲಸ? ಭೂಮೀನೂ ಕಾಯ್ತೀನಿ, ದೊಡ್ಡಮ್ಮನ ಹೂಂಗೂ ಕಾಯ್ತೀನಿ. ಬಂಡೆ ಕಂಡ್ರೆ ಕೂಗ್ತೀನಿ, ಅಷ್ಟು ನಿಯತ್ತಿದೆ. ಆದ್ರೆ ದಿನಾ ಕಳಿಸೋ ‘ಎಲ್ಲ ಕ್ಷೇಮ’ ಇವತ್ತಿಂದ ಇಲ್ಲ. ಬೇಕಂದ್ರೆ ಮನೆ ಮಾತು ಮತ್ತೆ ಶುರು ಮಾಡಿ. ದೊಡ್ಡಮ್ಮನ್ನ ಕರೆಸಿ, ನಾನು ಅವಳ ಕತ್ತರೀಲಿ ರಟ್ಟು ಕತ್ತರಿಸಿದ್ದೆ ಅಂತ ಹೇಳಿ, ಅವಳ ಬಾಯಿಂದಲೇ ಉತ್ತರ ಕೊಡಿಸಿ.”

ಬೆದರಿಕೆ ಬಂತು: “ಕೆಲಸ ಹೋಗುತ್ತೆ, ಹುಷಾರ್!” ಅವಳು ತುಟಿ ಬಿಚ್ಚಲಿಲ್ಲ. ಬದಲಿ ಆಳಿದ್ದರಲ್ಲವೇ ಕೆಲಸ ಹೋಗುವುದು? ಬುದ್ಧಿಮಾತು ಬಂತು. ಅದಕ್ಕೂ ಇಲ್ಲ. ಮಾತಿಗಾದರೆ ತಿರುಗಿ ಮಾತು ಕೊಡಬಹುದು, ಸುಮ್ಮನಿರುವವಳಿಗೆ ಏನು ಕೊಡುತ್ತಾರೆ? ಬಂಡೆಗಳತ್ತ ಕಣ್ಣಿಟ್ಟು ಕೂತಳು. ಫ್ಯಾನು ಗೊರಗುಟ್ಟುತ್ತಲೇ ಇತ್ತು.

ಮರುದಿನ ಸ್ಪೀಕರಿನಲ್ಲಿ ಮೊದಲು ಕೇಳಿದ್ದು ಡಬ್ಬಿಗೆ ಗುಂಡುಸೂಜಿ ಉಗುಳಿದ ಸದ್ದು.

“ಏನೇ! ಮೊಂಡಿ ನೀನೊಬ್ಬಳು ಸಾಲದೂಂತ ನನ್ನ ಕತ್ತರೀನೂ ಮೊಂಡು ಮಾಡಿದ್ಯಾ? ಬಾ ಇಲ್ಲಿಗೆ, ಕಿವಿ ಹಿಂಡ್ತೀನಿ!”

ಮೊಂಡಿ ಕಣ್ಣೊರೆಸಿಕೊಂಡು ಮೇಲಧಿಕಾರಿಗೆ ‘ಎಲ್ಲ ಕ್ಷೇಮ’ ಎಂದು ಕಳಿಸಿದಳು. ಆಮೇಲೆ ದೊಡ್ಡಮ್ಮನಿಗೆ ಕತ್ತರಿಯ ಮಾತು ಸುಳ್ಳೆಂದು ಹೇಳಿ, ಕಾಲು ಚಾಚಿ, ಕಾಯತೊಡಗಿದಳು.