ಕೇಳಿದಷ್ಟೂ ಕರಗಿದ ಮೆಣಸು

"ಒಂದು ಸಾಲು ಬರೆದುಕೊಡು ಸಾಕು ನಯನಾ. ಕೈತಪ್ಪಿ ಆಯ್ತು, ಕ್ಷಮಿಸಿ ಅಂತ. ವಿಷಯ ಇಲ್ಲಿಗೇ ಮುಗೀತದೆ," ಅಂದರು ಪರಮಶಿವಯ್ಯ, ಏನೋ ಭಾರೀ ಉಪಕಾರ ಮಾಡುವವರ ಹಾಗೆ.

"ಬರೆಯಲ್ಲ ಸಾರ್," ಅಂದಳು ನಯನ.

ಕೊಪ್ಪದ ಮೆಣಸು ಬೆಳೆಗಾರರ ಸಂಘದಲ್ಲಿ ಅಧ್ಯಕ್ಷರ ಎದುರು ನಿಂತು 'ಬರೆಯಲ್ಲ' ಅಂದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ಪರಮಶಿವಯ್ಯ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎದುರಿಗಿದ್ದವಳು ಅದೇ ನಯನ, ಕಂಪ್ಯೂಟರ್ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು ಅಷ್ಟೇ.

ಆಗಿದ್ದು ಇಷ್ಟು. ಸೀತೂರಿನ ರೇಣುಕಪ್ಪ ಸಂಘದ ಗೋದಾಮಿನಲ್ಲಿ ನಾನೂರು ಕೆಜಿ ಕಾಳುಮೆಣಸು ಇಟ್ಟಿದ್ದ. ಎಲ್ಲರ ಮೆಣಸನ್ನೂ ಒಟ್ಟಿಗೇ ಸುರಿದಿಡುವ ಪದ್ಧತಿ. ಯಾರದ್ದು ಎಷ್ಟು ಅನ್ನುವುದು ಕಂಪ್ಯೂಟರಿನಲ್ಲಿ ಮಾತ್ರ. ಈ ರೇಣುಕಪ್ಪನಿಗೋ ಒಂದು ಚಾಳಿ. ಸಂತೆ ದಿನ ಕೊಪ್ಪಕ್ಕೆ ಬಂದರೆ, ಬಸ್ಸು ಇಳಿದವನೇ ಮೊದಲು ಸಂಘದ ಕೌಂಟರಿಗೆ ಬಂದು, "ತಂಗೀ, ನಮ್ ಮೆಣಸು ಎಷ್ಟದೆ ನೋಡಿ ಹೇಳು," ಅನ್ನಬೇಕು. ಮಾರುವುದಿಲ್ಲ, ಒಯ್ಯುವುದಿಲ್ಲ, ಸುಮ್ಮನೆ ಕೇಳುವುದು. ಮಗಳನ್ನು ಹಾಸ್ಟೆಲಿನಲ್ಲಿ ಬಿಟ್ಟವರು ದಿನಾ ಫೋನು ಮಾಡುತ್ತಾರಲ್ಲ, ಹಾಗೆ. ಅವನೊಬ್ಬನೇ ಅಲ್ಲ, ನಮ್ಮ ಕಡೆಯವರೆಲ್ಲ ಹೆಚ್ಚುಕಮ್ಮಿ ಹಾಗೇ ಅನ್ನಿ.

ಯಾರ ಗಮನಕ್ಕೂ ಬಾರದಷ್ಟು ಸ್ವಲ್ಪಸ್ವಲ್ಪವೇ ಇಳಿದು ಆ ನಾನೂರು ಕೆಜಿ ಈಗ ಮುನ್ನೂರ ಐವತ್ತೊಂದಾಗಿತ್ತು. ತೂಕ ಬದಲಾದಾಗಲೆಲ್ಲ ದಾಖಲೆಯಲ್ಲಿ ಒಂದೇ ಹೆಸರು: ನಯನ, ನಯನ, ನಯನ.

"ತೇವ ಅಂತ ನೂರಕ್ಕೆ ಒಂದು ಕೆಜಿ ಕಡೀತಾರೆ, ಅದು ನಂಗೂ ಗೊತ್ತು. ಉಳಿದದ್ದು ಎಲ್ಲಿ ಹೋಯ್ತು? ಕೈ ಶುದ್ಧ ಇಲ್ಲ ಇವಳದ್ದು! ಯಾರ್‍ಯಾರ ಮೆಣಸು ಯಾರ್‍ಯಾರ ಹೆಸರಿಗೆ ತಿರುಗಿಸಿದ್ದಾಳೋ!" ರೇಣುಕಪ್ಪ ಸಂತೆಯ ದಿನವೇ, ಕೌಂಟರಿನಲ್ಲಿ ಜನ ತುಂಬಿರುವಾಗಲೇ ಕೂಗಿಬಿಟ್ಟ. ಸಾಲಿನಲ್ಲಿ ನಯನಳ ಸೋದರತ್ತೆಯೂ ನಿಂತಿದ್ದಳು. ಅವಳು ತಲೆ ತಗ್ಗಿಸಿ, ಬಂದ ಕೆಲಸ ಮಾಡಿಸಿಕೊಳ್ಳದೆ ಹೊರಟುಹೋದಳು. ನಯನಳಿಗೆ ಮೈಯೆಲ್ಲ ಉರಿದುಹೋಯಿತು. ರೇಣುಕಪ್ಪ ಬೈದದ್ದಕ್ಕಿಂತ ಅತ್ತೆ ತಲೆ ತಗ್ಗಿಸಿದ್ದು ಅವಳನ್ನು ಹೆಚ್ಚು ಸುಟ್ಟಿತು.

"ಬರೆದುಕೊಡದೇ ಇದ್ರೆ ಕೆಲಸದಿಂದ ತೆಗೀಬೇಕಾಗ್ತದೆ, ನೋಡು. ಪೊಲೀಸು ಗಿಲೀಸು ಅಂತ ಹೋದ್ರೆ ನಿನ್ ಹೆಸರೇ ಹಾಳು," ಅಂದರು ಪರಮಶಿವಯ್ಯ.

"ನನ್ ಹೆಸರು ಆಗ್ಲೇ ಹಾಳಾಗಿದೆ ಸಾರ್, ಸಂತೆ ಜನದ ಎದುರಿಗೆ. ಅದನ್ನ ನಿಮ್ ರೂಮಿನೊಳಗೆ ಬಾಗಿಲು ಹಾಕ್ಕೊಂಡು ಸರಿ ಮಾಡೋಕಾಗಲ್ಲ. ಸೋಮವಾರ ಸಭೆ ಕರೀರಿ. ರೇಣುಕಪ್ಪನೋರೂ ಬರ್ಲಿ, ಸೋಮನಾಥ್ ಸಾರೂ ಬರ್ಲಿ."

ಈ ಸೋಮನಾಥ್ ಅನ್ನುವ ಮಹಾನುಭಾವನೇ ಸಂಘಕ್ಕೆ ಸಾಫ್ಟ್‌ವೇರ್ ಮಾರಿದವನು, ಶಿವಮೊಗ್ಗದವನು. ಅದು ಹಳೇ ತರಹದ ಡೇಟಾಬೇಸು. ಕಪ್ಪು ಪರದೆ, ಹಸಿರು ಅಕ್ಷರ. ಒಬ್ಬ ಸದಸ್ಯನ ಹೆಸರಿನ ಒಂದೇ ಖಾನೆಯೊಳಗೆ ಅವನ ಚೀಲಗಳ ತೂಕವೆಲ್ಲ ಒಂದರ ಪಕ್ಕ ಒಂದು ಕೂತಿರುತ್ತವೆ, ಅದಕ್ಕೇ ಮಲ್ಟಿವ್ಯಾಲ್ಯೂ ಅನ್ನುವುದು. ನಯನಳಿಗೆ ಅದು ಬಹಳ ಇಷ್ಟ. ಸಂಘದ ಪ್ರೋಗ್ರಾಮುಗಳನ್ನು ಓದಿ ಓದಿ ತಾನೇ ಬರೆಯಲು ಕಲಿತಿದ್ದಳು.

ಹೋದ ವರ್ಷ ಕೌಂಟರಿಗೆಂದು, ತೂಕ ಕೇಳಿದವರಿಗೆ ನೋಡಿ ಹೇಳುವ ವಿಚಾರಣೆಯ ಪರದೆಯನ್ನು ಬರೆದವಳೂ ಅವಳೇ. ತೇವದ ಕಡಿತ ಲೆಕ್ಕ ಹಾಕಲು ಸೋಮನಾಥನದೇ ಒಂದು ಸಬ್‌ರೂಟೀನ್ ಇತ್ತು, ಅಂದರೆ ಬೇರೆ ಪ್ರೋಗ್ರಾಮುಗಳು ಕರೆದು ಕೆಲಸ ಮಾಡಿಸಿಕೊಳ್ಳುವ ಸಣ್ಣ ಪ್ರೋಗ್ರಾಮು. "ಅದನ್ನೇ ಕರಿ," ಅಂದಿದ್ದ. ನಯನ ಆಗಲೇ ಮೂಗು ಮುರಿದಿದ್ದಳು. "ಸಾರ್, ಇದು ನಾವು ಕೊಟ್ಟ ತೂಕವನ್ನೇ ತಿದ್ದಿ ವಾಪಸ್ ಕೊಡ್ತದೆ. ನಾನೊಂದು ಫಂಕ್ಷನ್ ಬರೀತೀನಿ. ಕೇಳಿದ್ರೆ ಉತ್ತರ ಮಾತ್ರ ಕೊಡ್ಲಿ, ತೂಕ ಮುಟ್ಟೋದು ಬೇಡ."

"ಫಂಕ್ಷನ್ ಆದ್ರೆ ಪ್ರತಿ ಪ್ರೋಗ್ರಾಮಿನ ತಲೆ ಮೇಲೂ ಅದರ ಹೆಸರು ಮೊದ್ಲೇ ಬರೀಬೇಕು ಮಾರಾಯ್ತಿ, ಯಾರಿಗೆ ಬೇಕು ಆ ರಗಳೆ? ಹತ್ತು ವರ್ಷದಿಂದ ಓಡ್ತಾ ಇರೋದಕ್ಕೆ ಕೈ ಹಾಕ್ಬೇಡ," ಅಂದು ಫೋನಿಟ್ಟಿದ್ದ. ಒಂದೇ ಒಂದು ಸಾಲು ಹೆಚ್ಚಿಗೆ ಬರೆಯಲು ಅಷ್ಟು ಸೋಮಾರಿತನ! ಹೊಟ್ಟೆ ಉರಿಯುವುದಿಲ್ಲವೇ ಹೇಳಿ. ನಯನ ಅಂದು ಅವನು ಹೇಳಿದ ಹಾಗೇ ಬರೆದಳು.

ಮೂರು ತಿಂಗಳ ಹಿಂದೆ ಪರಮಶಿವಯ್ಯ ಒಂದು ಹುಕುಂ ಮಾಡಿದ್ದರು: ಯಾರು ಬಂದು ವಿಚಾರಿಸಿದರು, ಯಾರು ಉತ್ತರ ಕೊಟ್ಟರು, ಎಲ್ಲ ಕಂಪ್ಯೂಟರಿನಲ್ಲಿ ಬರೆದಿಡಬೇಕು. ಅದನ್ನೂ ನಯನಳೇ ಸೇರಿಸಿದಳು. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ.

ಅಧ್ಯಕ್ಷರ ರೂಮಿನಿಂದ ಬಂದವಳು ಮಧ್ಯಾಹ್ನ ಊಟವನ್ನೂ ಬಿಟ್ಟು ಪರದೆಯ ಮುಂದೆ ಕೂತಳು. ವಿಚಾರಣೆಯ ಪರದೆ ಬಿಟ್ಟು, ಮೂಲ ದಾಖಲೆಯಲ್ಲೇ ನೆಮ್ಮಾರಿನ ಜಲಜಮ್ಮನ ತೂಕ ತೆಗೆದು ನೋಡಿದಳು. ಆಕೆ ಮೆಣಸು ಇಟ್ಟು ಹೋದವಳು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಆಕೆಯದು ರಸೀದಿಯಲ್ಲಿದ್ದಷ್ಟೇ ಇತ್ತು. ರೇಣುಕಪ್ಪನದು ಸಂತೆ ಸಂತೆಗೂ ಇಳಿದಿತ್ತು. ಆಗ ನಯನಳಿಗೆ ಎಲ್ಲ ತಿಳಿಯಿತು. ಕೂಡಲೇ ನಗುವೂ ಬಂತು, ಸಿಟ್ಟೂ ಬಂತು. "ಅಯ್ಯೋ ಮಾರಾಯ, ಕೇಳಿ ಕೇಳಿಯೇ ಕಳಕೊಂಡ್ಯಲ್ಲ!" ಅಂದಳು ಒಬ್ಬಳೇ.

ಸೋಮವಾರದ ಸಭೆಗೆ ಜನ ಸೇರಿತ್ತು. ಕಳ್ಳಿಯನ್ನು ನೋಡಲು ಯಾರಿಗೆ ಬೇಡ? ಸೋಮನಾಥ್ ಇಸ್ತ್ರಿ ಅಂಗಿ ಹಾಕಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದ. ಸೋದರತ್ತೆಯೂ ಬಂದು ಬಾಗಿಲ ಹತ್ತಿರ ನಿಂತಿದ್ದಳು. ನಯನ ಪರದೆಯನ್ನು ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿದಳು.

"ರೇಣುಕಪ್ಪನೋರೇ, ಸಂತೆ ದಿನ ಕೇಳ್ತೀರಲ್ಲ, ಹಾಗೇ ಕೇಳಿ."

"ಎಂತ ಕೇಳೋದು? ನಾಟಕ ಎಂತಕ್ಕೆ?"

"ಕೇಳಿ ಅಂದೆ."

ರೇಣುಕಪ್ಪ ಮುಖ ಗಂಟಿಕ್ಕಿಕೊಂಡೇ ಕೇಳಿದ. "ನಮ್ ಮೆಣಸು ಎಷ್ಟದೆ?"

ನಯನ ಅವನ ಸದಸ್ಯ ನಂಬರು ಒತ್ತಿದಳು. ಮುನ್ನೂರ ನಲವತ್ತೇಳು ಅಂತ ಬಂತು.

"ನೋಡಿ! ಮೊನ್ನೆ ಐವತ್ತೊಂದಿತ್ತು! ಮತ್ತೆ ನುಂಗಿದ್ಲು!"

"ಇನ್ನೊಂದ್ಸಲ ಕೇಳಿ."

ಮುನ್ನೂರ ನಲವತ್ತನಾಲ್ಕು.

ಸಭೆಯಲ್ಲಿ ಗುಸುಗುಸು ಎದ್ದಿತು. ನಯನ ಕುರ್ಚಿಯಿಂದ ಎದ್ದು, ಕೈ ಎರಡೂ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಳು. "ಸಾರ್, ನೀವೇ ಬನ್ನಿ. ನಿಮ್ ಹೆಸರಿಂದ ಒಳಗೆ ಹೋಗಿ, ನೀವೇ ಒತ್ತಿ," ಅಂದಳು ಪರಮಶಿವಯ್ಯನವರಿಗೆ. ಅವರು ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಒತ್ತಿದರು. ಮುನ್ನೂರ ನಲವತ್ತೊಂದು. ಪಕ್ಕದಲ್ಲೇ ಮೂಡಿತು, ವಿಚಾರಿಸಿದವರು: ಪರಮಶಿವಯ್ಯ.

"ಈಗ ಕದ್ದದ್ದು ಯಾರು ಸಾರ್?"

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಪರಮಶಿವಯ್ಯ ಕೀಬೋರ್ಡು ಸುಟ್ಟಿತೋ ಅನ್ನುವ ಹಾಗೆ ಕೈ ಹಿಂದಕ್ಕೆಳೆದರು.

"ದರ್ಜಿಗೆ ಅಳತೆ ರವಿಕೆ ಕೊಡ್ತೀವಲ್ಲ," ಅಂದಳು ನಯನ, ಹೆಂಗಸರ ಕಡೆ ತಿರುಗಿ. "ಅವನು ಅಳತೆ ತಗೊಂಡು ರವಿಕೆ ವಾಪಸ್ ಕೊಡಬೇಕು. ಈ ಸಬ್‌ರೂಟೀನ್ ಏನ್ ಮಾಡ್ತದೆ ಅಂದ್ರೆ ಅಳತೆ ರವಿಕೆಗೇ ಕತ್ತರಿ ಹಾಕ್ತದೆ. ತೂಕ ಎಷ್ಟು ಅಂತ ಕೇಳಿದ್ರೆ ತೂಕದಲ್ಲೇ ತೇವ ಕಡಿದು ಕೊಡ್ತದೆ. ಮೊದ್ಲು ಅದು ಪರದೆ ಮೇಲೆ ಮಾತ್ರ ಇತ್ತು. ಯಾರು ಕೇಳಿದ್ರು ಅಂತ ಬರೆದಿಡೋಕೆ ಶುರು ಮಾಡಿದ ಮೇಲೆ ಆ ಕಡಿದ ತೂಕವೂ ಜೊತೆಗೇ ಒಳಗೆ ಹೋಗಿ ಕೂತ್ಕೊಂಡ್ತು. ಬರೆದವಳು ನಾನೇ, ಇಲ್ಲ ಅನ್ನಲ್ಲ. ಆದ್ರೆ ಈ ಸಬ್‌ರೂಟೀನ್ ಬೇಡ ಅಂದವಳೂ ನಾನೇ. ಅಲ್ವಾ ಸೋಮನಾಥ್ ಸಾರ್?"

ಸೋಮನಾಥ್ ಹಲ್ಲು ಕಿರಿದ. "ಸಣ್ಣ ವಿಷಯ ಇದು. ನಾನು ಸಂಜೆಯೊಳಗೆ ಎಲ್ಲ ಅಳಿಸಿ ಸರಿ ಮಾಡ್ತೀನಿ, ಯಾರ ಹೆಸರೂ ಇರಲ್ಲ."

"ಅಷ್ಟೇ ಸಾಕು," ಅಂದರು ಪರಮಶಿವಯ್ಯ, ಉಸಿರು ಬಿಟ್ಟು. "ಇನ್ನು ಮೇಲೆ ಯಾರೂ ಸುಮ್ಸುಮ್ನೆ ಬಂದು ವಿಚಾರಿಸೋದು ಬೇಡ. ಆ ಕೌಂಟರನ್ನೇ ಮುಚ್ಚಿಬಿಡೋಣ."

ನೋಡಿ ಬುದ್ಧಿ! ನಯನ ಗೋಡೆ ಬಿಟ್ಟು ಮುಂದೆ ಬಂದಳು.

"ಕೌಂಟರ್ ಯಾಕೆ ಮುಚ್ಚಬೇಕು? ಅವರ ಮೆಣಸು, ಅವರು ಕೇಳ್ತಾರೆ. ದಿನಾ ಕೇಳ್ಲಿ, ನಿದ್ದೆಯಿಂದ ಎದ್ದು ಬಂದು ಕೇಳ್ಲಿ! ಕೇಳಿದ್ದಕ್ಕೆ ಕಳ್ಕೋಬಾರದು ಅಷ್ಟೇ. ಫಂಕ್ಷನ್ ನಾನು ಬರೀತೀನಿ. ತೂಕಗಳನ್ನ ರಸೀದಿ ನೋಡಿ ನಾನೇ ತುಂಬ್ತೀನಿ. ಮತ್ತೆ ನನ್ ಹೆಸರು ಒಂದು ಕಡೆಯೂ ಅಳಿಸಬೇಡಿ. ಅಳಿಸಿದ್ರೆ ಏನೋ ಮುಚ್ಚಿಟ್ಟಿದ್ದಾಳೆ ಅಂತಾರೆ. ನಾನು ಜನಕ್ಕೆ ಉತ್ತರ ಕೊಟ್ಟವಳು ಅಂತ ಅಲ್ಲೇ ಇರ್ಲಿ."

"ಆಯ್ತು, ಆಯ್ತು ಮಾರಾಯ್ತಿ," ಅಂದರು ಪರಮಶಿವಯ್ಯ. ಬೇರೆ ದಾರಿ ಇರಲಿಲ್ಲ.

"ಇನ್ನೊಂದಿದೆ. ರೇಣುಕಪ್ಪನೋರು ಕೈ ಶುದ್ಧ ಇಲ್ಲ ಅಂದದ್ದು ಸಂತೆ ಜನದ ಮುಂದೆ. ಅದನ್ನ ಸಂತೆ ಜನದ ಮುಂದೇನೇ ವಾಪಸ್ ತಗೋಬೇಕು."

ರೇಣುಕಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತು ಅಂದು ಎದ್ದು ಹೋದ.

ಫಂಕ್ಷನ್ ಬರೆಯಲು ಬಹಳ ಹೊತ್ತು ಬೇಕಾಗಲಿಲ್ಲ. ತೂಕದ ಒಂದು ಪ್ರತಿ ಮಾಡಿಕೊಂಡು, ಆ ಪ್ರತಿಯಲ್ಲೇ ಕಡಿತ ಹಾಕಿ, ಉತ್ತರ ಮಾತ್ರ ಹೊರಗೆ ಕೊಡುವ ಹಾಗೆ ಬರೆದಳು. ಸೋಮನಾಥನಿಗೆ ರಗಳೆ ಅನ್ನಿಸಿದ್ದ ಆ ಒಂದು ಸಾಲನ್ನು ಪ್ರೋಗ್ರಾಮಿನ ತಲೆಯ ಮೇಲೆ ಬರೆಯುವಾಗ ಕೀಲಿಗಳನ್ನು ಬೇಕೆಂದೇ ಜೋರಾಗಿ ಒತ್ತಿದಳು.

ಸಂತೆ ದಿನ ಬಂತು. ಕೌಂಟರಿನ ಮುಂದೆ ಎಂದಿನ ಸಾಲು. ಸೋದರತ್ತೆ ಸಾಲಿನ ಮುಂದೆಯೇ ನಿಂತಿದ್ದಳು, ಈ ಸಲ ತಲೆ ಎತ್ತಿ. ರೇಣುಕಪ್ಪ ಬಂದ. ಬಂದವನು ಸಾಲಿಗೆ ಸೇರದೆ ಕಂಬದ ಹತ್ತಿರವೇ ನಿಂತ. ಕೇಳಲೂ ಆಗದೆ, ಕೇಳದೆ ಹೋಗಲೂ ಆಗದೆ ಅವನ ಮುಖ ನೋಡುವ ಹಾಗಿರಲಿಲ್ಲ. ನಯನ ನೋಡಿದಳು, ಆದರೆ ಕರೆಯಲಿಲ್ಲ. ಪಾಪ ಅನ್ನಿಸಲಿಲ್ಲವೇ ಅಂದರೆ, ಅನ್ನಿಸಿತು. ಆದರೂ ಕರೆಯಲಿಲ್ಲ.

ಕೊನೆಗೆ ಅವನೇ ಸಾಲು ಸೀಳಿಕೊಂಡು ಬಂದು ಕೌಂಟರಿನ ಹಲಗೆಗೆ ಕೈಯಿಟ್ಟ.

"ಕೇಳ್ರಪ್ಪಾ ಎಲ್ಲಾರೂ," ಅಂದ, ಅವತ್ತು ಬೈದಷ್ಟೇ ದೊಡ್ಡ ದನಿಯಲ್ಲಿ. "ಈ ಹುಡುಗಿ ಕೈ ಶುದ್ಧ ಇಲ್ಲ ಅಂದಿದ್ದೆ ನಾನು. ಶುದ್ಧ ಇಲ್ಲದ್ದು ನನ್ ಬಾಯಿ. ತಪ್ಪಾಯ್ತು ತಂಗೀ."

ನಯನ ಕೀಬೋರ್ಡು ಹತ್ತಿರಕ್ಕೆ ಎಳೆದುಕೊಂಡಳು. "ನಂಬರು ಹೇಳಿ," ಅಂದಳು.

"ನಮ್ ಮೆಣಸು ಎಷ್ಟದೆ?"

"ಇಟ್ಟದ್ದು ನಾನೂರು. ತೇವ ಕಳೆದು ಮುನ್ನೂರ ತೊಂಬತ್ತಾರು."

ರೇಣುಕಪ್ಪ ಹಲಗೆಯ ಮೇಲೆ ಬಾಗಿ ಪರದೆಯ ಮೇಲಿನ ಅಂಕಿ ಓದಿದ. ಆಮೇಲೆ ಮೆಲ್ಲಗೆ, ಹೆದರಿಕೊಂಡೇ, "ಇನ್ನೊಂದ್ಸಲ ಕೇಳ್ಲಾ?" ಅಂದ.

"ಬಸ್ಸು ಬರೋ ತನಕ ಕೇಳಿ," ಅಂದಳು ನಯನ, ಮತ್ತೆ ಒತ್ತಿದಳು. ಮುನ್ನೂರ ತೊಂಬತ್ತಾರು.