ಅಂಚಿನಲ್ಲಿ ಪೆನ್ಸಿಲಿನ ಸಾಲು

ನನಗೊಂದು ಜಂಬ ಇತ್ತು. ನಮ್ಮ ಸೀಮೆಯ ಕಾದಂಬರಿಗಳಲ್ಲಿ ಬರುವ ಹೊಳೆ, ಗುಡ್ಡ, ಕಟ್ಟೆಗಳು ನಿಜವಾಗಿ ಎಲ್ಲಿವೆ ಎಂದು ನನ್ನಷ್ಟು ಬಲ್ಲವರು ಕಡಬದಲ್ಲಿ ಯಾರೂ ಇಲ್ಲ ಎಂಬ ಜಂಬ. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ಮನೆಯ ಚಾವಡಿಯಲ್ಲೇ ಪುಸ್ತಕ ಇಟ್ಟು ಓದುವವರಿಗೆ ಕೊಡುತ್ತಿದ್ದೆ. ಕೊಡುವ ಮೊದಲು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚುವುದು ನನ್ನ ಚಟ. ‘ಇದು ಸವಣೂರಿನ ಹಳೇ ಪೇಟೆ.’ ‘ಈ ಮಾವಿನ ಮರ ಈಗ ಇಲ್ಲ, ಕಡಿದರು ಪಾಪಿಗಳು.’

ಕೋಡಿಂಬಾಳದ ಭವಿತಾ ಎಂ.ಎ. ಓದುತ್ತಿದ್ದಳು. ನನಗೆ ಪ್ರಾಣವಾದ ಕಾದಂಬರಿಯೇ ಅವಳಿಗೂ ಪ್ರಾಣ. ಅದರಲ್ಲಿ ನಾಯಕಿ ಸಾಲುಗಲ್ಲುಗಳ ಮೇಲೆ ಹೊಳೆ ದಾಟಿ ತವರಿಗೆ ಓಡಿ ಬರುತ್ತಾಳೆ. ಡಿಸೆಂಬರಿನಲ್ಲಿ ಭವಿತಾ ಆ ಜಾಗ ಹುಡುಕಿಕೊಂಡು ಒಬ್ಬಳೇ ಹೋದಳು. ಹೊಳೆಯ ಕೆಳಗಡೆಯ ಅಣೆಕಟ್ಟಿನ ಕಿಂಡಿಗಳನ್ನು ಹಲಗೆ ಹಾಕಿ ಮುಚ್ಚಿ ವಾರವಾಗಿತ್ತು. ನೀರು ನಿಂತು ಕಲ್ಲುಗಳು ಅರ್ಧ ಅಡಿ ಮುಳುಗಿದ್ದವು, ಆದರೆ ಮೇಲಿನಿಂದ ಕಾಣುತ್ತಿದ್ದವು. ದಡದಲ್ಲಿ ಚಪ್ಪಲಿ, ನನ್ನಿಂದ ಒಯ್ದಿದ್ದ ಆ ಪುಸ್ತಕ ಸಿಕ್ಕಿದವು. ಹೆಣ ಸಿಕ್ಕಿದ್ದು ಮರುದಿನ.

ಬೊಜ್ಜದ, ಅಂದರೆ ಉತ್ತರಕ್ರಿಯೆಯ ಊಟಕ್ಕೂ ನಾನು ಹೋಗಲಿಲ್ಲ. ಅದು ಮುಗಿದ ಮೇಲೆ ಅವಳ ಅಜ್ಜಿ ತಿಮ್ಮಕ್ಕ ಪುಸ್ತಕ ಹಿಂದೆ ಕೊಡಲು ಬಂದರು.

“ಮಾಸ್ಟ್ರೆ, ನನಗೆ ಓದ್ಲಿಕ್ಕೆ ಬರುದಿಲ್ಲ. ಹುಡುಗಿ ಇದ್ರಲ್ಲಿ ಎಂತ ನೋಡಿ ಅಲ್ಲಿಗೆ ಹೋದದ್ದು? ಓದಿ ಹೇಳಿ.”

ಬಸ್ ಟಿಕೆಟ್ ಇಟ್ಟಿದ್ದ ಪುಟ ತೆರೆದು, ಅಚ್ಚಾದದ್ದನ್ನೆಲ್ಲ ಓದಿದೆ. ಸ್ವರ ಒಂದು ಚೂರೂ ನಡುಗಲಿಲ್ಲ, ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ತಿಮ್ಮಕ್ಕ ಅಂಚಿನ ಮೇಲೆ ಬೆರಳಿಟ್ಟರು.

“ಇದನ್ನು ಬಿಟ್ರಿ.”

“ಅದು ಪುಸ್ತಕದ್ದಲ್ಲ ಅಕ್ಕ. ಯಾರೋ ಬರೆದದ್ದು.”

“ಅಕ್ಷರವೇ ಅಲ್ವಾ? ಓದಿ.”

ಓದಿದೆ. ‘ಕಲ್ಲುಗಳು ಈಗಲೂ ಉಂಟು. ಮಳೆ ಬಿಟ್ಟ ಮೇಲೆ ಮಕ್ಕಳೂ ದಾಟಬಹುದು. ಹೋಗಿ ನೋಡಿ.’

ತಿಮ್ಮಕ್ಕ ಅಳಲಿಲ್ಲ. “ಬರೆದವರು ಸಿಕ್ಕಿದ್ರೆ ಒಂದು ಮಾತು ಕೇಳಿ ಮಾರಾಯ್ರೆ. ಬಯ್ಲಿಕ್ಕೆ ಅಲ್ಲ. ಅವರು ಒಮ್ಮೆಯಾದ್ರೂ ಅಲ್ಲಿ ದಾಟಿದ್ದಾರಾ?”

ಆ ಹೊಳೆಯ ದಂಡೆಗೆ ನಾನು ಕಾಲಿಟ್ಟವನೇ ಅಲ್ಲ. ಕಲ್ಲುಗಳಿವೆ ಎಂದು ನನಗೆ ಹೇಳಿದ್ದೂ ಅದೇ ಕಾದಂಬರಿ.

“ದಾಟಿರ್ಲಿಲ್ಲ” ಅಂದೆ.

ತಿಮ್ಮಕ್ಕ ನನ್ನ ಮುಖ ನೋಡಿದರು. ಆಮೇಲೆ ಕಿಸೆಯಲ್ಲಿದ್ದ ಪೆನ್ಸಿಲು ನೋಡಿದರು. ಹಿಂದೆ ಕೊಡಲು ತಂದ ಪುಸ್ತಕವನ್ನು ನನ್ನ ಕೈಯಿಂದ ತೆಗೆದು ಸೆರಗಿನಲ್ಲಿ ಸುತ್ತಿಕೊಂಡು ಎದ್ದರು.

“ಇದು ಇನ್ನೊಬ್ಬರ ಕೈಗೆ ಹೋಗುದು ಬೇಡ” ಅಂದರು.